ಇನ್ಮೇಲೆ ನಿಲ್ಲಿಸಲ್ಲ ಅಂದಿದೀಯಲ್ಲ

ಪುಟ್ಟು,

ನಿನ್ನ ಮೆಸೇಜ್ ನಿನ್ನೆ ರಾತ್ರಿನೇ ನೋಡಿದೆ, ಆಗ್ಲೇ ಬರೀಬೇಕಿತ್ತು, ಕೈ ಓಡ್ಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಮುಂದಿಟ್ಕೊಂಡು ಮತ್ತೆ ಓದಿದೆ. ಅಪ್ಪ ಅಮ್ಮಂಗೆ ಹೇಳ್ಬೇಡಿ ಅಂದಿದೀಯ, ಹೇಳಲ್ಲ. ಆ ಹುಡುಗ ಆಕ್ಸಿಡೆಂಟಾಗಿ ರೋಡಲ್ಲಿ ಬಿದ್ದಿದ್ದು, ಸುತ್ತ ನಿಂತಿದ್ದೋರು ಫೋನ್ ಎತ್ತಿ ವಿಡಿಯೋ ಮಾಡ್ತಿದ್ದದ್ದು, ನೀನು ಅವನನ್ನ ಎತ್ಕೊಂಡು ಹೋದ್ರೆ ಆಸ್ಪತ್ರೆ ಕೌಂಟರಲ್ಲಿ ನೀವು ಯಾರು, ಅಡ್ವಾನ್ಸ್ ಕಟ್ಟಿ ಅಂದಿದ್ದು, ಸ್ಟೇಷನ್ನಲ್ಲಿ ರಾತ್ರಿ ಎರಡು ಗಂಟೆವರೆಗೂ ಕೂರಿಸ್ಕೊಂಡಿದ್ದು, ಕೊನೆಗೆ ಆ ಹುಡುಗನ ಮನೆಯವರೇ ನೀನೇ ಗುದ್ದಿರ್ಬೇಕು ಅನ್ನೋ ಥರ ನೋಡಿದ್ದು, ಎಲ್ಲಾ ಓದಿದೆ. ಸಿಟ್ಟೂ ಬಂತು, ಸಂಕಟಾನೂ ಆಯ್ತು. ನಿದ್ದೆ ಕೆಡಿಸಿದ್ದು ಮಾತ್ರ ಕೊನೇ ಸಾಲು. "ಇನ್ಮೇಲೆ ನಾನು ಗಾಡಿ ನಿಲ್ಲಿಸಲ್ಲ ಅತ್ತೆ, ಸಾಕು."

ಈ ಮಾತು ನಾನು ಮೊದಲ ಸಲ ಕೇಳ್ತಿರೋದಲ್ಲ ಕಣೋ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ, ಫೋನಲ್ಲಿ ಟೈಪ್ ಮಾಡಿ ಮಾಡಿ ಬೆರಳು ನೋಯ್ತಿದೆ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೋ.

1987. ಮಳೆಗಾಲ. ನನಗೆ ನೈಟ್ ಡ್ಯೂಟಿ. ಹೈವೇ ಪಕ್ಕದ ಆಸ್ಪತ್ರೆ ಆದ್ದರಿಂದ ವಾರಕ್ಕೆ ಎರಡು ಮೂರು ಆಕ್ಸಿಡೆಂಟ್ ಕೇಸು ಬರೋದು, ಅವತ್ತು ಹನ್ನೊಂದು ಗಂಟೆ ಮೇಲೆ ಒಂದು ಲಾರಿ ಗೇಟ್ ಒಳಗೇ ಬಂದ್ಬಿಡ್ತು. ಹಾಸನದಿಂದ ಆಲೂಗಡ್ಡೆ ಲೋಡ್. ಡ್ರೈವರ್ ಸೇಲಂ ಕಡೆಯವನು, ನಲವತ್ತರ ಹತ್ರ ವಯಸ್ಸು, ಮೈಯೆಲ್ಲ ನೆಂದು ತೊಪ್ಪೆ. ಕ್ಯಾಬಿನ್ನಲ್ಲಿ ಒಬ್ಬ ಕೂಲಿ ಆಳನ್ನ ಮಲಗಿಸ್ಕೊಂಡು ಬಂದಿದ್ದ, ಕಾಲು ನುಜ್ಜುಗುಜ್ಜಾಗಿತ್ತು. ಯಾವುದೋ ಬಸ್ಸೋ ಜೀಪೋ ಗುದ್ದಿ ಹೋಗಿತ್ತಂತೆ, ಇವನು ದಾರೀಲಿ ನೋಡಿ ಎತ್ಕೊಂಡು ಬಂದಿದ್ದ. ತನ್ನ ಪಂಚೆ ಹರಿದು ಗಟ್ಟಿಯಾಗಿ ಕಟ್ಟಿದ್ದ, ಅದರಿಂದಲೇ ರಕ್ತ ನಿಂತಿತ್ತು, ಇಲ್ದಿದ್ರೆ ಗೇಟ್‌ವರೆಗೂ ಜೀವ ಇರ್ತಿರ್ಲಿಲ್ಲ. ಇದು ನನಗೆ ಆಗ್ಲೇ ಗೊತ್ತಿತ್ತು ಪುಟ್ಟು, ಕಟ್ಟು ನೋಡಿದ ತಕ್ಷಣ ಗೊತ್ತಾಯ್ತು.

ಆದ್ರೂ ನಾನು ಮಾಡಿದ್ದೇನು? ಎಂಎಲ್‌ಸಿ ರಿಜಿಸ್ಟರ್, ಅಂದ್ರೆ ಪೊಲೀಸ್ರಿಗೆ ತಿಳಿಸ್ಬೇಕಾದ ಕೇಸು ಬರ್ಕೊಳೋ ಪುಸ್ತಕ, ತೆಗೆದೆ. ಹೆಸರು, ಊರು, ಲಾರಿ ನಂಬರ್, ಲೈಸೆನ್ಸ್ ಎಲ್ಲ ಬರ್ಕೊಂಡೆ. ಪೊಲೀಸ್‌ಗೆ ಇಂಟಿಮೇಶನ್ ಹೋಗದೆ ಡಾಕ್ಟ್ರು ಮುಟ್ಟೋ ಹಾಗಿಲ್ಲ ಅಂತ ನಮ್ಮಲ್ಲಿ ಒಂದು ಪದ್ಧತಿ, ಕಾನೂನಲ್ಲಿ ಇತ್ತೋ ಇಲ್ವೋ ಯಾರೂ ಕೇಳಿದೋರಲ್ಲ, ಹಿಂದಿನೋರು ಮಾಡ್ತಿದ್ರು ನಾವೂ ಮಾಡ್ತಿದ್ವಿ. ವಾರ್ಡ್ ಬಾಯ್ ಸೈಕಲ್ ತಗೊಂಡು ಸ್ಟೇಷನ್ನಿಗೆ ಹೋಗಿ ಬರೋಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಆ ಡ್ರೈವರ್ ಬೆಂಚ್ ಮೇಲೆ ಕೂತಿದ್ದ. ನಾನು ಹೋಗ್ಬಹುದಾಮ್ಮ ಅಂತ ಮೂರು ಸಲ ಕೇಳ್ದ. ಮೂರು ಸಲಾನೂ ನಾನೇ ಕೂರಿಸ್ದೆ. ಪೊಲೀಸ್ನೋರು ಬಂದ್ರು, ಲಾರಿ ಸೀಜ್ ಮಾಡಿದ್ರು, ನೀನೇ ಗುದ್ದಿ ಈಗ ನಾಟಕ ಆಡ್ತೀಯ ಅಂದ್ರು. ಎರಡು ದಿನ ಬಿಡ್ಲಿಲ್ಲ. ಮೂರನೇ ದಿನ ಬಂದಿದ್ದ, ಅವನ ಟವಲ್ ಬೆಂಚ್ ಮೇಲೆ ಬಿಟ್ಟು ಹೋಗಿದ್ದ, ಅದನ್ನ ತಗೊಳಕ್ಕೆ. ಲೋಡಲ್ಲಿದ್ದ ಆಲೂಗಡ್ಡೆ ಮಳೇಲಿ ಕೊಳ್ತು ವಾಸನೆ ಹೊಡೀತಿತ್ತು, ಮಾಲೀಕ ಬೈದು ಸಂಬಳದಲ್ಲಿ ಹಿಡ್ಕೋತೀನಿ ಅಂದಿದ್ನಂತೆ. ಟವಲ್ ಹೆಗಲ ಮೇಲೆ ಹಾಕ್ಕೊಂಡು ನನ್ನ ಕಡೆ ನೋಡಿ ಅವನ ಕನ್ನಡದಲ್ಲಿ ಅಂದ, "ಇನ್ಮೇಲೆ ನಿಲ್ಸಲ್ಲಮ್ಮ."

ಬೈಲಿಲ್ಲ. ಕೂಗಾಡ್ಲಿಲ್ಲ. ನೀನು ಬರ್ದಿದೀಯಲ್ಲ, ಅದೇ ಥರ, ಸುಸ್ತಾಗಿ ಹೇಳ್ದ.

ನಾನು ಏನೂ ಹೇಳ್ಲಿಲ್ಲ. ಕೈಲಿ ಇಂಜೆಕ್ಷನ್ ಟ್ರೇ ಇತ್ತು, ಒಳಗೆ ಹೋಗ್ಬಿಟ್ಟೆ. ಮನೆಗೆ ಬಂದು ನಿಮ್ಮ ಮಾವನ ಹತ್ರ ಹೇಳ್ಕೊಂಡ್ರೆ, ರೂಲ್ಸ್ ಪ್ರಕಾರ ಮಾಡಿದೀಯ ಬಿಡು ಅಂದ್ರು, ಆ ಮಾತಿಗೆ ಸಮಾಧಾನ ಆಗಿ ಮಲ್ಕೊಂಡೆ ಕೂಡ. ಆಮೇಲೆ ವರ್ಷಗಟ್ಲೆ ಹೈವೇಲಿ ಬಸ್ಸಲ್ಲಿ ಹೋಗುವಾಗ ತಮಿಳುನಾಡು ನಂಬರ್ ಲಾರಿ ಕಂಡ್ರೆ ಎದೇಲಿ ಒಂಥರಾ ಆಗೋದು. ಅವನು ಇನ್ನೂ ಇಪ್ಪತ್ತು ವರ್ಷ ಆದ್ರೂ ಗಾಡಿ ಓಡಿಸಿರ್ತಾನಲ್ಲ. ಎಷ್ಟು ಸಲ ಹೆಡ್‌ಲೈಟ್ ಬೆಳಕಲ್ಲಿ ರಸ್ತೆ ಪಕ್ಕ ಯಾರೋ ಬಿದ್ದಿದ್ದು ಕಂಡಿರತ್ತೆ, ಎಷ್ಟು ಸಲ ಗೇರ್ ಬದಲಾಯಿಸಿ ಮುಂದೆ ಹೋಗಿರ್ತಾನೆ. ಪೇಪರಲ್ಲಿ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ರು ಅಂತ ಓದ್ದಾಗ ನಂಗೆ ಆ ಸಂಖ್ಯೆ ಕಾಣ್ಲಿಲ್ಲ, ಆ ಬೆಂಚ್ ಕಾಣ್ತು. ಎತ್ಕೊಳೋನನ್ನ ಕೂರಿಸಿ ಕೂರಿಸಿ ನಾವೇ ಎತ್ಕೊಳ್ದೇ ಇರೋ ಹಾಗೆ ಮಾಡಿದ್ವಿ.

ಈಗ ನಿನ್ನ ವಿಷಯ. ಜನ ವಿಡಿಯೋ ಮಾಡ್ತಿದ್ರು ಅತ್ತೆ, ಮನುಷ್ಯರೇ ಅಲ್ಲ ಇವ್ರು ಅಂದಿದೀಯ. 2017ರಲ್ಲಿ ಕೊಪ್ಪಳದಲ್ಲಿ ಸೈಕಲ್‌ನಲ್ಲಿ ಹೋಗ್ತಿದ್ದ ಹುಡುಗನಿಗೆ ಬಸ್ ಗುದ್ದಿ, ಅವನು ರಕ್ತದಲ್ಲಿ ಬಿದ್ದು ಸಹಾಯ ಕೇಳ್ತಿದ್ರೂ ಜನ ಫೋಟೋ ವಿಡಿಯೋ ತೆಗೀತಾ ನಿಂತಿದ್ರು, ಟಿವಿಲಿ ನೋಡಕ್ಕಾಗ್ದೆ ಆಫ್ ಮಾಡಿದ್ದೆ ನಾನು. ಅವ್ರ ಪರ ನಾನು ಮಾತಾಡಲ್ಲ. ಆದ್ರೆ ಆ ಗುಂಪಲ್ಲಿ ನಿಂತೋರಲ್ಲಿ ಒಬ್ಬಿಬ್ಬರಾದ್ರೂ ಹಿಂದೆ ಯಾವತ್ತೋ ಎತ್ಕೊಂಡು ಹೋಗಿ ನಿನ್ನ ಥರಾನೇ ಅನುಭವಿಸಿದೋರು ಇರ್ತಾರೆ ಅಂತ ನನಗೆ ಅನ್ಸತ್ತೆ. ಸೇವ್‌ಲೈಫ್ ಫೌಂಡೇಶನ್ ಅಂತ ಒಂದು ಸಂಸ್ಥೆ 2013ರಲ್ಲಿ ಸರ್ವೆ ಮಾಡ್ಸಿತ್ತು, ನೂರಕ್ಕೆ 74 ಜನ ಸಹಾಯಕ್ಕೆ ಹೋಗೋದು ಅನುಮಾನ ಅಂದಿದ್ರು, ಅವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಹೇಳಿದ ಕಾರಣ ಪೊಲೀಸು, ಕೋರ್ಟು. ನನ್ನ ಭಯ ಇದೇ ಪುಟ್ಟು. ಮುಂದಿನ ಸಲ ಆ ಗುಂಪಲ್ಲಿ ಹಿಂದ್ಗಡೆ ನೀನು ನಿಂತಿರ್ತೀಯ. ವಿಡಿಯೋ ಮಾಡಲ್ಲ ನೀನು, ಅಷ್ಟು ಗೊತ್ತು ನನಗೆ. ಸುಮ್ನೆ ಒಂದು ನಿಮಿಷ ನಿಂತು ಹೆಲ್ಮೆಟ್ ಸರಿ ಮಾಡ್ಕೊಂಡು ಹೊರಟುಬಿಡ್ತೀಯ.

ಕಾನೂನು ಇಲ್ವಾ ಅಂತ ಕೇಳಿದೀಯ. ಇದೆ, ಅದೇ ಜಾಸ್ತಿ ಬೇಜಾರು. ನಾನು ಆ ಡ್ರೈವರನ್ನ ಕೂರಿಸಿದ ಎರಡು ವರ್ಷಕ್ಕೆ, 1989ರಲ್ಲಿ, ಸುಪ್ರೀಂ ಕೋರ್ಟೇ ಹೇಳ್ತು, ಮೊದಲು ಜೀವ ಉಳಿಸಿ, ಪೊಲೀಸ್ ಕಾಗದ ಆಮೇಲೆ, ಸರ್ಕಾರಿ ಇರ್ಲಿ ಪ್ರೈವೇಟ್ ಇರ್ಲಿ ಅಂತ. ಆ ಕೇಸ್ ಹುಟ್ಟಿದ್ದೇ ಒಬ್ಬ ಸ್ಕೂಟರ್ ಸವಾರನಿಂದ, ಹತ್ರದ ಆಸ್ಪತ್ರೆಯೋರು ಇದು ಎಂಎಲ್‌ಸಿ, ಇಪ್ಪತ್ತು ಕಿಲೋಮೀಟರ್ ಆಚೆ ಇನ್ನೊಂದು ಆಸ್ಪತ್ರೆ ಇದೆ ಅಲ್ಲಿಗೆ ಹೋಗಿ ಅಂದು, ದಾರೀಲೇ ಜೀವ ಹೋಯ್ತು. 2016ರಲ್ಲಿ ಕೋರ್ಟ್ ಮತ್ತೆ ಹೇಳ್ತು, ಕರ್ಕೊಂಡು ಬಂದೋರ ಹೆಸರು ಕೂಡ ಬಲವಂತವಾಗಿ ಕೇಳೋ ಹಾಗಿಲ್ಲ, ದುಡ್ಡು ಕಟ್ಟು ಅನ್ನೋ ಹಾಗಿಲ್ಲ, ಕೂರಿಸ್ಕೊಳೋ ಹಾಗಿಲ್ಲ. ಅದೇ ವರ್ಷ ನಮ್ಮ ರಾಜ್ಯದಲ್ಲೇ ಮಸೂದೆ ಪಾಸಾಗಿ, 2018ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಜೀವ ಉಳಿಸೋಕೆ ಬರೋರ ರಕ್ಷಣೆಗೆ ಅಂತಲೇ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು, ಆಗ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ, ರಿಟೈರ್ ಆಗಿದ್ರೂ ಪೇಪರ್ ಕಟ್ ಮಾಡಿ ಇಟ್ಕೊಂಡಿದ್ದೆ. 2019ರಲ್ಲಿ ಈ ರಕ್ಷಣೇನ ಮೋಟಾರು ವಾಹನ ಕಾಯ್ದೆಗೂ ಸೇರಿಸಿದ್ರು, ಸೆಕ್ಷನ್ 134ಎ ಅಂತ. ಇಷ್ಟೆಲ್ಲ ಆದ್ಮೇಲೂ ಆ ಕೌಂಟರಲ್ಲಿ ನಿನ್ನ ಕೇಳಿದ್ದು 1987ರಲ್ಲಿ ನಾನು ಕೇಳಿದ್ದೇ. ನನ್ನ ಜಾಗದಲ್ಲಿ ಬೇರೆ ಯಾರೋ ಹುಡುಗಿ ಕೂತಿದ್ಲು ಅಷ್ಟೇ. ಅವಳಿಗೂ ಯಾರೂ ಹೇಳಿರಲ್ಲ, ಮೇಲಿನೋರು ಅಡ್ವಾನ್ಸ್ ಇಲ್ದೆ ಅಡ್ಮಿಟ್ ಮಾಡ್ಕೊಂಡ್ರೆ ನಿನ್ನ ಸಂಬಳ ಅಂದಿರ್ತಾರೆ. ಅವಳನ್ನ ಬೈಯಕ್ಕೆ ನನಗೆ ಬಾಯಿ ಬರ್ತಿಲ್ಲ.

ನೆಲಮಂಗಲದ ಹತ್ರ 2016ರ ಫೆಬ್ರವರೀಲಿ ಆಗಿದ್ದು ನಿನಗೆ ನೆನಪಿದೆಯೋ ಇಲ್ವೋ, ಗುಬ್ಬಿ ಕಡೆಯ ಹುಡುಗ ಹರೀಶ್, ಲಾರಿ ಹರಿದು ದೇಹ ಎರಡಾಗಿದ್ರೂ ನನ್ನ ಅಂಗಾಂಗ ದಾನ ಮಾಡಿ ಅಂತ ಕೇಳ್ಕೊಂಡ. ಕಣ್ಣು ದಾನ ಆಯ್ತು. ಅವನ ಹೆಸರಲ್ಲೇ ಸರ್ಕಾರ ಯೋಜನೆ ತಂತು, ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ ಖರ್ಚು ಸರ್ಕಾರದ್ದು ಅಂತ. ಆ ಸ್ಥಿತೀಲಿ ಅವನು ಬೇರೆಯೋರ ಬಗ್ಗೆ ಯೋಚ್ನೆ ಮಾಡ್ದ. ಎಷ್ಟೋ ರಾತ್ರಿ ಇದನ್ನ ನೆನೆಸ್ಕೊಂಡು ಕೂತಿದೀನಿ ನಾನು. ನಿನಗೆ ಉದಾಹರಣೆ ಕೊಡಕ್ಕೆ ಬರೀಲಿಲ್ಲ, ಸುಮ್ನೆ ನೆನಪಾಯ್ತು, ನೀನು ಹೋಗಿದ್ದೂ ಅದೇ ರೋಡು.

ಏನ್ ಮಾಡ್ಲಿ ಅಂತ ಕೇಳಿದೀಯ, ನನ್ನ ಹತ್ರ ದೊಡ್ಡ ಉತ್ತರ ಇಲ್ಲ. ಅಂಗಿ ಇನ್ನೂ ನೆನೆಹಾಕಿಲ್ಲ ಅಂದ್ರೆ ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸು, ಬಿಸಿನೀರು ಬೇಡ, ಕಲೆ ಕೂತ್ಬಿಡತ್ತೆ. ಸ್ಟೇಷನ್ನಿಂದ ಮತ್ತೆ ಫೋನ್ ಬಂದ್ರೆ ಒಬ್ಬನೇ ಹೋಗ್ಬೇಡ, ಯಾರಾದ್ರೂ ವಕೀಲರು ಪರಿಚಯ ಇದ್ರೆ ಕರ್ಕೊಂಡು ಹೋಗು, ಸಾಕ್ಷಿ ಹೇಳೋದೂ ಹೇಳ್ದೇ ಇರೋದೂ ನಿನ್ನ ಇಷ್ಟ, ಹೇಳಿದ್ರೂ ಒಂದೇ ಸಲಕ್ಕೆ ಮುಗಿಸ್ಬೇಕು ಅಂತ ಕೋರ್ಟೇ ಹೇಳಿದೆ. ಕಟ್ಟಿದ ಅಡ್ವಾನ್ಸ್ ರಸೀದಿ ಎಸೀಬೇಡ. ವಾಪಸ್ ಬರತ್ತೆ ಅಂತ ನಾನು ಹೇಳಕ್ಕಾಗಲ್ಲ, ಇಟ್ಕೊಂಡಿರು. 2025ರ ಮೇ ತಿಂಗಳಿಂದ ಕೇಂದ್ರದೋರು ಅಪಘಾತ ಆದೋರಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ಕ್ಯಾಶ್‌ಲೆಸ್ ಅಂತ ಮಾಡಿದಾರೆ, ಆ ಹುಡುಗನ ಮನೆಯವರಿಗೆ ಗೊತ್ತಿರಲ್ಲ, ನಿನ್ನ ಮೇಲೆ ಅನುಮಾನ ಪಟ್ಟೋರಿಗೆ ಹೋಗಿ ಹೇಳು ಅಂತ ನಾನು ಹೇಗೆ ಹೇಳ್ಲಿ, ಆದ್ರೂ ಹೇಳ್ತಿದೀನಿ.

ಮುಂದಿನ ಸಲ ಅಂತ ಒಂದು ಬಂದ್ರೆ, ಬರದೇ ಇರ್ಲಿ ದೇವ್ರೇ, ನೀನು ಎತ್ಕೊಂಡು ಹೋಗ್ಲೇಬೇಕು ಅಂತ ನಾನು ಹಠ ಮಾಡಲ್ಲ. 108ಕ್ಕೆ ಫೋನ್ ಮಾಡು. ರಕ್ತ ಹೋಗ್ತಿರೋ ಕಡೆ ಬಟ್ಟೆ ಒತ್ತಿ ಹಿಡಿ, ಎಲ್ರೂ ನೀರು ಕುಡಿಸಿ ನೀರು ಕುಡಿಸಿ ಅಂತಾರೆ, ಕುಡಿಸ್ಬೇಡ. ಆಂಬ್ಯುಲೆನ್ಸ್ ಬಂದ್ಮೇಲೆ ಹೆಸರು ಹೇಳ್ದೆ ಹೊರಟುಬಿಡು, ಅದು ನಿನ್ನ ಹಕ್ಕು, ಅದಕ್ಕೆ ನಾಚ್ಕೋಬೇಡ. ಅಷ್ಟು ಮಾಡಿದ್ರೂ ನಿಲ್ಲಿಸ್ದೆ ಅಂತಲೇ ಆಗತ್ತೆ. ಪೂರ್ತಿ ನಿಲ್ಲಿಸಲ್ಲ ಅಂತ ಮಾತ್ರ ಅನ್ಬೇಡ ಕಂದ, ಅಷ್ಟೇ ನಾನು ಕೇಳೋದು. ಕೋಪದಲ್ಲಿ ಅಂದಿದ್ರೆ ಸರಿ. ಇದ್ರ ಮೇಲೆ ನಿನ್ನ ಹತ್ರ ಆಣೆ ಭಾಷೆ ಕೇಳಕ್ಕೆ ನನಗೇನು ಅಧಿಕಾರ ಇದೆ, ಆ ಮಾತನ್ನ ಒಬ್ಬನ ಬಾಯಲ್ಲಿ ಬರ್ಸಿದೋಳು ನಾನೇ.

ಇನ್ನೊಂದು. ನಿನ್ನ ಜೊತೆ ಆ ಹುಡುಗನ್ನ ಎತ್ತಿ ಆಟೋಲಿ ಮಲಗಿಸಿದ ಆಟೋದೋನು, ಅವನ ಬಗ್ಗೆ ಒಂದೇ ಸಾಲು ಬರ್ದಿದೀಯ, ಸ್ಟೇಷನ್ನಲ್ಲಿ ಅವನನ್ನೂ ಕೂರಿಸಿದ್ರು ಅಂತ. ರಾತ್ರಿ ಬಾಡಿಗೆ ಪೂರ್ತಿ ಹೋಗಿರತ್ತೆ. ಸೀಟೆಲ್ಲ ರಕ್ತ ಆಗಿರತ್ತೆ, ಅದನ್ನ ಅವನೇ ತೊಳ್ಕೊಂಡಿರ್ತಾನೆ. ಅವನೂ ಈಗ ಮನೇಲಿ ಹೆಂಡತಿ ಹತ್ರ ಇದೇ ಮಾತು ಹೇಳ್ತಿರ್ಬಹುದು. ಅವನ ನಂಬರ್ ನಿನ್ನ ಹತ್ರ ಇದ್ರೆ ಇವತ್ತೇ ಒಂದು ಫೋನ್ ಮಾಡು. ಏನ್ ಮಾತಾಡೋದು ಅಂತ ಯೋಚ್ನೆ ಮಾಡ್ಬೇಡ, ಹೇಗಿದೀರಣ್ಣ ಅನ್ನು ಸಾಕು. ನಾನು ಒಂದು ಸಾವಿರ ನಿನ್ನ ಫೋನ್‌ಪೇಗೆ ಹಾಕ್ತೀನಿ, ಅವನಿಗೆ ಕೊಡು, ತಗೊಳಲ್ಲ ಅಂದ್ರೆ ಸೀಟ್ ಕವರ್‌ಗೆ ಅಂತ ಹೇಳಿ ಕೊಡು.

ನಿನ್ನ ಅತ್ತೆ