ಜನ ಆಸ್ಪತ್ರೆ ಸೇರೋ ಮುಂಚೆ ನೀರು ಟೆಸ್ಟ್ ಮಾಡಿ

ಮಾನ್ಯ ಸಂಪಾದಕರೇ,

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ಮರೆಯೋ ವಿಷಯ ಅಲ್ಲ, ಆದ್ರೂ ಎಷ್ಟೋ ಕಡೆ ವಾಂತಿ ಭೇದಿ ಶುರುವಾದ್ಮೇಲೇನೇ ಸ್ಯಾಂಪಲ್ ಲ್ಯಾಬಿಗೆ ಹೋಗೋದು. ಹೈಡ್ರೋಜನ್ ಸಲ್ಫೈಡ್ ಟೆಸ್ಟ್ ಬಾಟ್ಲಿ ಅಂತ ಬರುತ್ತೆ, ಗೆರೆ ತನಕ ನಲ್ಲಿ ನೀರು ತುಂಬಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ರೆ, ಮಲದ ಬ್ಯಾಕ್ಟೀರಿಯಾ ಸೇರಿದ್ರೆ ನೀರು ಕಪ್ಪಾಗುತ್ತೆ, ಮೆಷಿನ್ನೂ ಬೇಡ. ಲ್ಯಾಬ್ ರಿಪೋರ್ಟಿಗೆ ಇದು ಬದಲಿ ಅಲ್ಲ ನಿಜ, ಆದ್ರೆ ಕಪ್ಪಾದ ತಕ್ಷಣ ಸಪ್ಲೈ ನಿಲ್ಲಿಸಿ ಕ್ಲೋರಿನ್ ಹಾಕ್ಬಹುದಲ್ವಾ? ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಮಕ್ಕಳಿಗೆ ನೀರು ಟೆಸ್ಟ್ ಮಾಡೋ ಕಿಟ್ ಬಳಸೋ ಟ್ರೈನಿಂಗ್ ಕೊಡ್ಬೇಕು ಅಂತಾನೇ ಇದೆ. ಮಳೆಗಾಲದಲ್ಲಿ, ಪೈಪ್ ಒಡೆದು ರಿಪೇರಿ ಆದಾಗೆಲ್ಲ ಅವರಿಂದ ಟೆಸ್ಟ್ ಮಾಡಿಸಿ ರಿಸಲ್ಟನ್ನ ಪಂಚಾಯ್ತಿ ಬೋರ್ಡ್ ಮೇಲೆ ಬರೆಸ್ಲಿ.

– ಒಬ್ಬ ಓದುಗ