ಅರ್ಥಕ್ಕಿಂತ ಮೊದಲು ಬೆಳಕು

ಪ್ರಿಯ ಯುವಮಿತ್ರರೆ,

ಸ್ಟಿಲ್ ಲೈಫ್ ವರ್ಣಚಿತ್ರಗಳನ್ನು, ಅಂದರೆ ಹಣ್ಣು, ಹೂವು, ಪಾತ್ರೆಗಳಂಥ ನಿಶ್ಚಲ ವಸ್ತುಗಳ ಚಿತ್ರಗಳನ್ನು ಕುರಿತ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ನಿಮ್ಮ ಓದು ವಿಸ್ತಾರವಾಗಿದೆ, ಭಾಷೆಯೂ ಹದವಾಗಿದೆ. ಆದರೆ ತಲೆಬುರುಡೆಯೆಂದರೆ ಸಾವು, ಗಡಿಯಾರವೆಂದರೆ ಕಾಲ, ಬಾಡಿದ ಹೂವೆಂದರೆ ಅಳಿಯುವ ಚೆಲುವು ಎಂದು ಮೊದಲ ಪುಟದಲ್ಲೇ ಅರ್ಥ ಹೇಳಿ ಮುಗಿಸಿರುವುದರಿಂದ, ಓದುಗರು ಚಿತ್ರದ ಮುಂದೆ ನಿಲ್ಲುವುದಕ್ಕೆ ಕಾರಣವೇ ಉಳಿದಿಲ್ಲ.

ಡಚ್ ಕಲಾವಿದ ಪೀಟರ್ ಕ್ಲಾಸ್ 1630ರಲ್ಲಿ ರಚಿಸಿದ, ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ವ್ಯಾನಿಟಾಸ್ ಚಿತ್ರವನ್ನೇ, ಅಂದರೆ ಬದುಕಿನ ನಶ್ವರತೆಯನ್ನು ನೆನಪಿಸುವ ಸ್ಟಿಲ್ ಲೈಫನ್ನೇ ನೋಡಿ. ತಲೆಬುರುಡೆ, ಪುಟ್ಟ ಗಡಿಯಾರ, ಗರಿಯ ಲೇಖನಿ, ಮಗುಚಿದ ಗಾಜಿನ ಬಟ್ಟಲು ಎಲ್ಲವೂ ಅಲ್ಲಿವೆ; ಎಲ್ಲವೂ ಕಂದು, ಬೂದುಗಳ ಕಿರಿದಾದ ವರ್ಣಶ್ರೇಣಿಯೊಳಗೇ ಇವೆ. ಬಣ್ಣವನ್ನು ಇಷ್ಟು ಬಿಗಿಹಿಡಿದಿದ್ದರಿಂದಲೇ, ಮೂಳೆ ಬೆಳಕನ್ನು ಮಂಕಾಗಿ ಹೀರಿಕೊಳ್ಳುವ ಬಗೆಗೂ ಗಾಜು ಅದನ್ನು ಚುರುಕಾದ ಹೊಳಪಾಗಿ ಹಿಂದಿರುಗಿಸುವ ಬಗೆಗೂ ಇರುವ ಅಂತರ ಕಣ್ಣಿಗೆ ನಾಟುತ್ತದೆ. ನನಗೆ ಅಲ್ಲಿ ಸಾವಿನ ಮಾತು ಕೇಳಿಸುವುದು ಬುರುಡೆಯಿಂದಲ್ಲ, ಆ ಅಂತರದಿಂದ.

ಹದಿನೇಳನೆಯ ಶತಮಾನದ ಡಚ್ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಅರ್ಧ ಸುಲಿದ ನಿಂಬೆಹಣ್ಣನ್ನೂ ನೀವು 'ಹೊರಗೆ ಚೆಲುವು, ಒಳಗೆ ಹುಳಿ' ಎಂದು ದಾಟಿಬಿಟ್ಟಿದ್ದೀರಿ. ಆ ವ್ಯಾಖ್ಯಾನ ಬಳಕೆಯಲ್ಲಿರುವುದು ನಿಜ. ಆದರೆ ಒಂದೇ ಹಣ್ಣಿನಲ್ಲಿ ಎಷ್ಟು ಬಗೆಯ ಮೇಲ್ಮೈಗಳಿವೆ ಎಂಬುದನ್ನು ಗಮನಿಸಿ: ಸಣ್ಣ ಗುಳಿಗಳಿಂದ ತರಿತರಿಯಾದ ಸಿಪ್ಪೆ, ಅದರ ಒಳಮೈಯ ಹೊಳಪಿಲ್ಲದ ಬಿಳುಪು, ಬೆಳಕನ್ನು ಒಳಕ್ಕೆ ಬಿಟ್ಟುಕೊಳ್ಳುವ ಒದ್ದೆ ತೊಳೆ. ಸಿಪ್ಪೆಗೆ ದಪ್ಪ ಬಣ್ಣದ ಚುಕ್ಕೆಗಳು ಒದಗಿದರೆ ತೊಳೆಗೆ ಎಣ್ಣೆಬಣ್ಣದ ತೆಳುವಾದ, ಪಾರದರ್ಶಕ ಲೇಪಗಳು ಬೇಕು. ಕುಂಚದ ಈ ಕೆಲಸವನ್ನು ನೀವು ವರ್ಣಿಸಿದರೆ, ಹುಳಿ ಓದುಗರ ನಾಲಿಗೆಗೆ ತಾನಾಗಿಯೇ ಬರುತ್ತದೆ.

ಎಲ್ಲ ವಸ್ತುಗಳೂ ಸಂಕೇತಗಳಾಗಬೇಕಿಲ್ಲ. ಫ್ರೆಂಚ್ ಕಲಾವಿದ ಶಾರ್ಡೆನ್ ಸುಮಾರು 1761ರಲ್ಲಿ ಚಿತ್ರಿಸಿದ ನೀರಿನ ಲೋಟ, ಕಾಫಿಪಾತ್ರೆ, ಬೆಳ್ಳುಳ್ಳಿಗಳಿಗೆ ಬಲವಂತದ ಅರ್ಥ ಹಚ್ಚಿದರೆ ಆ ಚಿತ್ರಕ್ಕೆ ಅನ್ಯಾಯವಾಗುತ್ತದೆ.

ಇನ್ನು ಫ್ಲೆಮಿಶ್ ಕಲಾವಿದೆ ಕ್ಲಾರಾ ಪೀಟರ್ಸ್. 1612ರ ಚಿತ್ರವೊಂದರಲ್ಲಿ ಅವರು ಚಿನ್ನದ ಹೊಳಪಿನ ಬಟ್ಟಲಿನ ಉಬ್ಬುಗಳ ಮೇಲೆ ತಮ್ಮದೇ ಪುಟ್ಟ ಪ್ರತಿಬಿಂಬವನ್ನು ಹಲವು ಬಾರಿ ಮೂಡಿಸಿದ್ದಾರೆ. ಬೆಳಕು, ಲೋಹದ ಮೈ, ಕಲಾವಿದೆಯ ಸ್ವಂತ ಇರವು ಇವು ಮೂರೂ ಅಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ. ನಿಮ್ಮ ಲೇಖನದಲ್ಲಿ ಅದಕ್ಕೆ ಸಿಕ್ಕಿರುವುದು ಒಂದೇ ಸಾಲು. ಅದನ್ನೇ ಆರಂಭವಾಗಿಸಿ, ಸಂಕೇತಗಳ ಪಟ್ಟಿಯನ್ನು ತೆಗೆದುಹಾಕಿ ಮತ್ತೊಮ್ಮೆ ಬರೆಯಿರಿ, ಓದಲು ಕಾದಿರುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ