ಚೊಚ್ಚಲ ಹಸ್ತಪ್ರತಿಗಳ ಓದು: ಭಾನುವಾರದೊಳಗೆ ಅಭಿಪ್ರಾಯ ಕಳುಹಿಸಿ

ಎಲ್ಲ ಸದಸ್ಯರಿಗೆ ನಮಸ್ಕಾರ.

ಹದಿಹರೆಯದ ಓದುಗರಿಗಾಗಿ ನಾವು ಹೊರತರಲಿರುವ ಕಾದಂಬರಿ ಮಾಲೆಗೆ ಬಂದಿರುವ 5 ಚೊಚ್ಚಲ ಹಸ್ತಪ್ರತಿಗಳನ್ನು ಓದಲು ಒಪ್ಪಿಕೊಂಡವರು ತಮ್ಮ ಅಭಿಪ್ರಾಯವನ್ನು ಬರುವ ಭಾನುವಾರ ಸಂಜೆ 6 ಗಂಟೆಯೊಳಗೆ ನನಗೆ ನೇರವಾಗಿ ಕಳುಹಿಸಬೇಕೆಂದು ಕೋರುತ್ತೇನೆ. ಲೇಖಕರೂ ಈ ಗುಂಪಿನಲ್ಲಿರುವುದರಿಂದ ದಯವಿಟ್ಟು ಇಲ್ಲಿ ಹಾಕಬೇಡಿ.

ಪುಸ್ತಕವು ಮಕ್ಕಳಿಗೆ ತಮ್ಮನ್ನೇ ಕಾಣುವ ಕನ್ನಡಿಯೂ ಇತರರ ಬದುಕನ್ನು ತೋರುವ ಕಿಟಕಿಯೂ ಆಗಬಲ್ಲದೆಂದು ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ಬ್ಯಾರಿ, ತುಳು, ಕೊಡವ, ಲಂಬಾಣಿ ಮಾತನಾಡುವ ಮನೆಗಳಿಂದ ಬಂದು ಕನ್ನಡದಲ್ಲಿ ಓದುವ ನಮ್ಮ ಮಕ್ಕಳಿಗೆ ಅಂಥ ಕನ್ನಡಿಗಳು ಇನ್ನೂ ಸಾಲದು ಎಂಬುದೇ ನನ್ನ ಚಿಂತೆ. ಆದ್ದರಿಂದ ಕಲಬುರಗಿಯ ಅಥವಾ ಕುಂದಾಪುರದ ಆಡುಮಾತನ್ನು ತಪ್ಪೆಂದು ತಿದ್ದದೆ, ಕಥೆ ಎಲ್ಲಿ ಸಡಿಲವಾಗಿದೆ ಎಂಬುದನ್ನು ಪುಟಸಂಖ್ಯೆಯೊಂದಿಗೆ ತಿಳಿಸಿ. ಮೊದಲ ಬಾರಿಗೆ ಬರೆದವರಿಗೆ ‘ಚೆನ್ನಾಗಿದೆ’ ಎಂಬ ಒಂದು ಮಾತಿಗಿಂತ ಅದು ಹೆಚ್ಚು ನೆರವಾಗುತ್ತದೆ.

ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆಯಿದೆ. ಅರ್ಜಿ ಸಲ್ಲಿಸಲು ಬಯಸುವ ಲೇಖಕರು ಹಸ್ತಪ್ರತಿಯನ್ನು ಪ್ರಕಟಣೆಗೆ ನಮಗೆ ಒಪ್ಪಿಸುವ ಮೊದಲೇ ತಿಳಿಸಬೇಕು.

ಓದಲು ಬಿಡುವಾಗದವರು ಇಂದು ರಾತ್ರಿಯೊಳಗೆ ಉತ್ತರಿಸಿದರೆ ಪ್ರತಿಯನ್ನು ಬೇರೆಯವರಿಗೆ ಕೊಡುತ್ತೇನೆ.